ಹೆಸರಿನ ಜೊತೆ ಮೂಲವನ್ನೂ ಬರೆಸಿಕೊಳ್ಳಿ: ಬೋವಾ ಹಾವುಗಳ ನೋಂದಣಿಯ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು (ವನ್ಯಜೀವಿ) ಮತ್ತು ಮುಖ್ಯ ವನ್ಯಜೀವಿ ಪರಿಪಾಲಕರು,
ಅರಣ್ಯ ಭವನ, ಮಲ್ಲೇಶ್ವರ, ಬೆಂಗಳೂರು.

ವಿಷಯ: ಸಾಕಣೆಯಲ್ಲಿರುವ ಬೋವಾ ಹಾವುಗಳ ವಂಶಾವಳಿಯನ್ನು ದಾಖಲಿಸುವ ಬಗ್ಗೆ.

ಮಾನ್ಯರೇ,

ನಾನು ಉಡುಪಿಯಲ್ಲಿ ನೆಲೆಸಿರುವ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂಗಳೂರಿನ ತನ್ನ ಮನೆಗೆ ನನ್ನನ್ನು ಕರೆಸಿಕೊಂಡ. ಅವನು ಆರೇಳು ವರ್ಷಗಳಿಂದ ಒಂದು ಜೋಡಿ ಬೋವಾ ಹಾವುಗಳನ್ನು, ಅಂದರೆ ಅಮೆರಿಕ ಖಂಡಗಳ ವಿಷವಿಲ್ಲದ ದೊಡ್ಡ ಹಾವುಗಳನ್ನು, ಸಾಕಿದ್ದಾನೆ; ಎರಡನ್ನೂ ನಿಯಮದಂತೆ ಘೋಷಿಸಿ ನೋಂದಾಯಿಸಿದ್ದಾನೆ; ಕಾಗದಪತ್ರಗಳಲ್ಲಿ ಕೊರತೆಯೇನೂ ಇಲ್ಲ. ಹೆಣ್ಣು ಹಾವು ಜೂನ್ ತಿಂಗಳಲ್ಲಿ 21 ಮರಿಗಳನ್ನು ಹಾಕಿತ್ತು. ಬೋವಾ ನಮ್ಮ ಹೆಬ್ಬಾವಿನಂತೆ ಮೊಟ್ಟೆಗೆ ಸುತ್ತಿಕೊಂಡು ಕೂರುವ ಹಾವಲ್ಲ, ಕೊಳಕುಮಂಡಲದಂತೆ ಮರಿಗಳನ್ನೇ ಹಾಕುತ್ತದೆ. ಮರಿಗಳ ಸುದ್ದಿ ತಿಳಿದವರು ಬೆಂಗಳೂರಿನಿಂದಲೂ ಕೊಚ್ಚಿಯಿಂದಲೂ ಅವನಿಗೆ ಫೋನ್ ಮಾಡತೊಡಗಿದ್ದರು, ಮತ್ತು ಎಲ್ಲರ ಪ್ರಶ್ನೆಯೂ ಒಂದೇ ಆಗಿತ್ತು: ಇವು ಅಸಲಿ ಸುರಿನಾಮ್ ರೆಡ್ ಟೈಲ್, ಅಂದರೆ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಕೆಂಪುಬಾಲದ ಬೋವಾ, ಹೌದೇ? ಆ ಜೋಡಿಯನ್ನು ಅವನಿಗೆ ಕೊಟ್ಟವರು ಹಾಗೆಂದೇ ಹೇಳಿ ಕೊಟ್ಟಿದ್ದರು. "ಸರ್, ಈಗ ನಾನು ಏನೆಂದು ಹೇಳಿ ಕೊಡಲಿ?" ಎಂದು ಅವನು ಕೇಳಿದ ಮಾತೇ ಈ ಪತ್ರಕ್ಕೆ ಕಾರಣ.

ಅವನು ಎರಡೂ ಹಾವುಗಳ ಪೊರೆಯನ್ನು ಜೋಪಾನವಾಗಿ ತೆಗೆದಿಟ್ಟಿದ್ದ. ಅವನ್ನು ನೀರಿನಲ್ಲಿ ನೆನೆಸಿ, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಿಡಿಸಿಟ್ಟು, ಮೈಯ ನಡುಭಾಗದಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ ಹುರುಪೆಗಳ ಸಾಲುಗಳನ್ನು ಗುಂಡುಸೂಜಿಯಿಂದ ಮುಟ್ಟುತ್ತಾ ಎಣಿಸಿದೆವು. ಕಳಚುವಾಗ ಪೊರೆ ಹಿಗ್ಗುವುದರಿಂದ ಅದರ ಉದ್ದವನ್ನು ನಂಬಲಾಗದು. ಆದರೆ ಸಾಲುಗಳ ಸಂಖ್ಯೆ ಹಿಗ್ಗುವುದಿಲ್ಲ. ಆಂಡಿಸ್ ಪರ್ವತಗಳ ಪೂರ್ವಕ್ಕೆ, ಸುರಿನಾಮ್, ಗಯಾನಾ, ಬ್ರೆಜಿಲ್ ಮೊದಲಾದ ಕಡೆ ಇರುವ ಬೋವಾ ಕನ್‌ಸ್ಟ್ರಿಕ್ಟರ್‌ನಲ್ಲಿ ಈ ಸಾಲುಗಳು ಸಾಮಾನ್ಯವಾಗಿ 81ರಿಂದ 95ರವರೆಗೆ ಇರುತ್ತವೆ. ಮಧ್ಯ ಅಮೆರಿಕದಿಂದ ಕೊಲಂಬಿಯಾದವರೆಗೆ ಹರಡಿರುವ ಬೋವಾ ಇಂಪರೇಟರ್‌ನಲ್ಲಿ 55ರಿಂದ 79. ಹೆಣ್ಣಿನ ಪೊರೆಯಲ್ಲಿ ಮೂರು ಸಲ ಎಣಿಸಿದಾಗಲೂ 67 ಬಂತು. ಗಂಡಿನದರಲ್ಲಿ ಮೊದಲು 80, ಮತ್ತೆ 79, ಮೂರನೆಯ ಸಲ ಪುನಃ 80. ಹೆಣ್ಣು ಸುರಿನಾಮಿನದಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಾಗಿತ್ತು. ಗಂಡಿನ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ. ಅದು ಎರಡು ಪ್ರಭೇದಗಳ ಬೆರಕೆಯಾಗಿರಬಹುದು, ಒಂದೇ ಪ್ರಭೇದದ ಅಂಚಿನ ಹಾವೂ ಆಗಿರಬಹುದು. ನೋಂದಣಿ ಪತ್ರಗಳಲ್ಲಿ ಮಾತ್ರ ಎರಡರ ಮುಂದೆಯೂ ಬೋವಾ ಕನ್‌ಸ್ಟ್ರಿಕ್ಟರ್ ಎಂದೇ ಬರೆದಿದೆ. ಈಗ ಹುಟ್ಟಿರುವ 21 ಮರಿಗಳೂ ಅದೇ ಹೆಸರನ್ನು ಹೊತ್ತು ಇನ್ನಷ್ಟು ಮನೆಗಳಿಗೆ ಹೋಗಬೇಕು.

ಇದು ಒಬ್ಬ ಸಾಕಣೆಗಾರನ ಪೇಚಾಟವಷ್ಟೇ ಅಲ್ಲ ಎಂದು ತಮ್ಮ ಗಮನಕ್ಕೆ ತರಲು ಈ ಹೆಸರಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಹೆಸರನ್ನು ಲಿನ್ನೇಯಸ್ 1758ರಲ್ಲಿ ಇಟ್ಟ. ಫ್ರಾನ್ಸಿನ ದೊದಾಂ 1803ರಲ್ಲಿ ಇಂಪರೇಟರ್ ಎಂಬ ಹೆಸರು ಕೊಟ್ಟ. ಆಮೇಲೆ ಬಹುಕಾಲ ವಿದ್ವಾಂಸರು ಇವೆಲ್ಲವನ್ನೂ ಒಂದೇ ಪ್ರಭೇದದೊಳಗೆ ಸೇರಿಸಿ, ಇಂಪರೇಟರ್ ಮತ್ತಿತರ ರೂಪಗಳನ್ನು ಉಪಪ್ರಭೇದಗಳೆಂದು ಪರಿಗಣಿಸಿದ್ದರು. ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಪುಸ್ತಕಗಳಲ್ಲಿದ್ದದ್ದೂ ಅದೇ. 2009ರಲ್ಲಿ ಮೈಟೊಕಾಂಡ್ರಿಯದ (ಕೋಶಕೇಂದ್ರದ ಹೊರಗಿರುವ) ಡಿಎನ್ಎ ಅಧ್ಯಯನವೊಂದು ಆಂಡಿಸ್‌ನ ಆಚೀಚಿನ ಬೋವಾಗಳು ಎರಡು ಬೇರೆ ಕವಲುಗಳೆಂದು ತೋರಿಸಿತು. 2014ರ ಹೊತ್ತಿಗೆ ಇಂಪರೇಟರ್ ಸ್ವತಂತ್ರ ಪ್ರಭೇದವೆಂದು ಮನ್ನಣೆ ಪಡೆಯಿತು. 2016ರಲ್ಲಿ ಕೋಶಕೇಂದ್ರದ ಡಿಎನ್ಎಯನ್ನೂ ಸೇರಿಸಿ ನಡೆಸಿದ ಅಧ್ಯಯನ ಮೆಕ್ಸಿಕೋದ ಪಶ್ಚಿಮ ಕರಾವಳಿಯ ಬೋವಾಗಳನ್ನು ಮೂರನೆಯ ಪ್ರಭೇದವಾಗಿ ಬೇರ್ಪಡಿಸಿ, ಹೋಬಾರ್ಟ್ ಸ್ಮಿತ್ 1943ರಲ್ಲಿ ಒಂದು ದ್ವೀಪದ ಹಾವಿಗೆ ಕೊಟ್ಟಿದ್ದ ಸಿಗ್ಮಾ ಎಂಬ ಹೆಸರನ್ನು 73 ವರ್ಷಗಳ ಬಳಿಕ ಮತ್ತೆ ಬಳಕೆಗೆ ತಂದಿತು. ಕೆರಿಬಿಯನ್ನಿನ ಡೊಮಿನಿಕಾ ಮತ್ತು ಸೇಂಟ್ ಲೂಸಿಯಾ ದ್ವೀಪಗಳ ಬೋವಾಗಳನ್ನೂ ಈಗ ಪ್ರತ್ಯೇಕ ಪ್ರಭೇದಗಳೆಂದು ಪರಿಗಣಿಸುವವರಿದ್ದಾರೆ. ಆರ್ಜೆಂಟೀನಾ ಕಡೆಯ ಆಕ್ಸಿಡೆಂಟಾಲಿಸ್ ಇನ್ನೂ ಉಪಪ್ರಭೇದವಾಗಿಯೇ ಉಳಿದಿದೆ.

ಹೆಸರುಗಳು ಹೀಗೆ ಬದಲಾಗುವುದು ವಿಜ್ಞಾನದ ದೋಷವಲ್ಲ, ತಿಳಿವಳಿಕೆ ಬೆಳೆದಂತೆ ಹೆಸರೂ ಬದಲಾಗಲೇಬೇಕು. ಆದರೆ ಹೆಸರೊಂದನ್ನೇ ಬರೆದಿಟ್ಟ ದಾಖಲೆಗೆ ಈ ಬದಲಾವಣೆಯನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. 1995ರಲ್ಲಿ ಯಾರೋ ಒಬ್ಬರು ತಮ್ಮ ಹಾವಿನ ಮುಂದೆ ಬೋವಾ ಕನ್‌ಸ್ಟ್ರಿಕ್ಟರ್ ಎಂದಷ್ಟೇ ಬರೆದಿದ್ದರೆ ಇಂದು ಅದು ಮೂರರಲ್ಲಿ ಯಾವುದೆಂದು ಹೇಳಲಾಗದು. ಮೆಕ್ಸಿಕೋದ ಸೊನೋರಾದಿಂದ ಬಂದದ್ದು ಎಂಬ ಒಂದು ಸಾಲನ್ನೂ ಸೇರಿಸಿದ್ದರೆ ಅದು ಇಂದಿನ ಬೋವಾ ಸಿಗ್ಮಾ ಎಂದು ಕಡತ ನೋಡಿಯೇ ತಿಳಿಯಬಹುದಾಗಿತ್ತು. ಮೂಲನೆಲೆ ಮತ್ತು ತಂದೆತಾಯಿಗಳ ವಿವರ ವರ್ಗೀಕರಣ ಎಷ್ಟು ಸಲ ಬದಲಾದರೂ ಕೆಡುವುದಿಲ್ಲ. ತಾವು ನೋಂದಣಿಯಲ್ಲಿ ಬರೆಸಿಕೊಳ್ಳಬೇಕೆಂದು ನಾನು ವಿನಂತಿಸುತ್ತಿರುವುದು ಈ ಎರಡು ಸಂಗತಿಗಳನ್ನು.

ದ್ವೀಪಗಳ ಬೋವಾಗಳ ಕಥೆ ಇದನ್ನು ಇನ್ನೂ ಚೆನ್ನಾಗಿ ಮನಗಾಣಿಸುತ್ತದೆ. ಹೊಂಡುರಾಸ್ ಕರಾವಳಿಯಾಚೆ ಕಾಯೋಸ್ ಕೊಚೀನೋಸ್ ಎಂಬ ಪುಟ್ಟ ದ್ವೀಪಸಮೂಹವಿದೆ. ಅಲ್ಲಿನ ತಿಳಿಬಣ್ಣದ, ಗಾತ್ರದಲ್ಲಿ ಕಿರಿದಾದ ಬೋವಾಗಳಿಗೆ ಸಾಕಣೆಗಾರರ ನಡುವೆ ಹಾಗ್ ಐಲೆಂಡ್ ಬೋವಾ ಎಂಬ ಹೆಸರು. 1970 ಮತ್ತು 80ರ ದಶಕಗಳಲ್ಲಿ ಸಾಕುಪ್ರಾಣಿ ವ್ಯಾಪಾರಕ್ಕಾಗಿ ಅವನ್ನು ಎಷ್ಟು ಹಿಡಿದರೆಂದರೆ ಅಲ್ಲಿ ಹಾವು ಕಾಣುವುದೇ ಅಪರೂಪವಾಗಿತ್ತು. ಬೆಲೀಜ್ ಕರಾವಳಿಯ ದ್ವೀಪಗಳಲ್ಲಿಯೂ ಬೋವಾಗಳು ಹೀಗೆಯೇ ಕುಬ್ಜವಾಗಿವೆ. 2016ರ ಆ ಅಧ್ಯಯನದ ಮುಖ್ಯ ತೀರ್ಮಾನಗಳಲ್ಲಿ ಒಂದು, ದ್ವೀಪಗಳಲ್ಲಿ ಕಾಣುವ ಈ ಕುಬ್ಜತೆ ಒಂದೇ ಮೂಲದಿಂದ ಹಬ್ಬಿದ್ದಲ್ಲ, ಬೇರೆ ಬೇರೆ ಕಡೆ ಸ್ವತಂತ್ರವಾಗಿ ಹುಟ್ಟಿಕೊಂಡದ್ದು ಎಂಬುದು. ಅಂದರೆ ನೋಡುವುದಕ್ಕೆ ಒಂದೇ ತೆರನಾದ ಎರಡು ಗಿಡ್ಡ ಹಾವುಗಳು, ಆ ಗಿಡ್ಡತನವನ್ನು ತಂತಮ್ಮ ನೆಲದಲ್ಲಿ, ತಂತಮ್ಮ ಹಾದಿಯಲ್ಲಿ ಪಡೆದುಕೊಂಡವು. ಮಾರುಕಟ್ಟೆಯಲ್ಲಿ ಇವೆರಡಕ್ಕೂ ಡ್ವಾರ್ಫ್ ಬೋವಾ ಎಂಬ ಒಂದೇ ಹೆಸರಿದೆ, ಒಂದನ್ನು ಇನ್ನೊಂದರೊಡನೆ ಕೂಡಿಸುವುದೂ ನಡೆದಿದೆ. ಒಮ್ಮೆ ಕೂಡಿಸಿ ಗುರುತು ಬರೆಯದೆ ಬಿಟ್ಟರೆ, ಸಾವಿರಾರು ವರ್ಷಗಳಲ್ಲಿ ಎರಡು ದ್ವೀಪಗಳು ಪ್ರತ್ಯೇಕವಾಗಿ ರೂಪಿಸಿದ್ದನ್ನು ಒಂದು ಪ್ಲಾಸ್ಟಿಕ್ ಟಬ್ಬಿನೊಳಗೆ ಒಂದೇ ಋತುವಿನಲ್ಲಿ ಅಳಿಸಿಹಾಕಿದಂತಾಗುತ್ತದೆ. ಇದನ್ನು ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬಣ್ಣದ ತಳಿಗಳ, ಅಂದರೆ ಸಾಕಣೆಗಾರರು ಮಾರ್ಫ್ ಎನ್ನುವುದರ ಹಿಂದೆಯೂ ಇದೇ ಮರೆವು ಇದೆ. ಕೊಲಂಬಿಯಾ ಮೂಲದ ಬೋವಾಗಳಲ್ಲಿ ಕಾಲ್ ಮತ್ತು ಶಾರ್ಪ್ ಎಂಬ ಎರಡು ಬಿಳಿಚು ತಳಿಗಳು ಪ್ರಸಿದ್ಧ. ಎರಡರಲ್ಲೂ ಕಪ್ಪು ವರ್ಣದ್ರವ್ಯವಿಲ್ಲ, ಹೊಸಬರ ಕಣ್ಣಿಗೆ ಎರಡೂ ಒಂದೇ. ಆದರೆ ಕಾಲ್ ತಳಿಯ ಹಾವನ್ನು ಶಾರ್ಪ್ ತಳಿಯದರೊಡನೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಸಾಮಾನ್ಯ ಬಣ್ಣದವು, ಏಕೆಂದರೆ ಆ ಬಿಳುಪಿಗೆ ಕಾರಣವಾದ ಲೋಪ ಎರಡರಲ್ಲಿ ಬೇರೆ ಬೇರೆ ಜಾಗದಲ್ಲಿದೆ. ಈ ಒಂದು ವಿಷಯದಲ್ಲಿ ಸಾಕಣೆಗಾರರು ವಂಶಾವಳಿಯನ್ನು ಎಷ್ಟು ಕಟ್ಟುನಿಟ್ಟಾಗಿ ಬರೆದಿಡುತ್ತಾರೆಂದರೆ, ನಾಲ್ಕು ತಲೆಮಾರಿನ ಹಿಂದಿನ ಅಜ್ಜಿಯ ಹೆಸರನ್ನೂ ಹೇಳಬಲ್ಲರು. ಬಣ್ಣ ತಪ್ಪಿದರೆ ಹಣ ನಷ್ಟವಾಗುತ್ತದೆ, ಆದ್ದರಿಂದ ಬರೆಯುತ್ತಾರೆ. ಬರೆದಿಡುವ ಶಿಸ್ತು ಅವರಲ್ಲಿ ಇದೆ ಎಂದಾಯಿತು. ಅದೇ ಪುಸ್ತಕದಲ್ಲಿ ಹಾವು ಯಾವ ನೆಲದ್ದು ಎಂಬ ಒಂದು ಕಾಲಂ ಸೇರಿಸುವುದು ಅಸಾಧ್ಯದ ಮಾತೇನಲ್ಲ.

ಸಂಶಯ ಬಂದಾಗ ಡಿಎನ್ಎ ಪರೀಕ್ಷೆ ಮಾಡಿಸಿದರಾಯಿತಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಪೊರೆಯ ತುಣುಕಿನಿಂದಲೇ ಡಿಎನ್ಎ ತೆಗೆಯಬಹುದು, ಹಾವಿಗೆ ಸೂಜಿ ಚುಚ್ಚಬೇಕಾಗಿಯೂ ಇಲ್ಲ. ಆದರೆ ಪ್ರಾಣಿ ಯಾವುದೆಂದು ಗುರುತಿಸಲು ಪ್ರಯೋಗಾಲಯಗಳು ಹೆಚ್ಚಾಗಿ ಓದುವುದು ಮೈಟೊಕಾಂಡ್ರಿಯದ ಡಿಎನ್ಎಯನ್ನು, ಮತ್ತು ಅದು ತಾಯಿಯಿಂದ ಮಾತ್ರ ಬರುವಂಥದ್ದು. ಇಂಪರೇಟರ್ ತಾಯಿಗೂ ಕನ್‌ಸ್ಟ್ರಿಕ್ಟರ್ ತಂದೆಗೂ ಹುಟ್ಟಿದ ಮರಿ ಆ ಪರೀಕ್ಷೆಯಲ್ಲಿ ಅಪ್ಪಟ ಇಂಪರೇಟರ್ ಎಂದೇ ತೋರುತ್ತದೆ. ತಂದೆಯ ಪಾಲು ಕಾಣಬೇಕಾದರೆ ಕೋಶಕೇಂದ್ರದ ಡಿಎನ್ಎಯಲ್ಲಿ ಅನೇಕ ಗುರುತುಗಳನ್ನು ಓದಬೇಕು, ಹೋಲಿಸಿ ನೋಡಲು ಮೂಲನೆಲೆ ಗೊತ್ತಿರುವ ಹಾವುಗಳ ಮಾದರಿಗಳೂ ಬೇಕು. ಬೆರಕೆಯಾಗಿ ನಾಲ್ಕಾರು ತಲೆಮಾರು ಕಳೆದ ಮೇಲೆ ಅದೂ ಕಷ್ಟ. ಮರಿ ಹುಟ್ಟಿದ ದಿನ ಒಂದು ಸಾಲು ಬರೆದಿಟ್ಟರೆ ಖರ್ಚಿಲ್ಲದೆ ಸಿಗುವ ಸತ್ಯವನ್ನು ಇಪ್ಪತ್ತು ವರ್ಷಗಳ ನಂತರ ಎಷ್ಟು ಹಣ ಸುರಿದರೂ ಪೂರ್ತಿಯಾಗಿ ಮರಳಿ ಪಡೆಯಲಾಗದು. ಬೋವಾ ಸಾಕಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುವ ಹಾವು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ವಿದೇಶದ ಹಾವಿನ ವಂಶದ ಗೊಡವೆ ನಮಗೇಕೆ ಎಂಬ ಮಾತನ್ನೂ ನಾನು ಕೇಳಿದ್ದೇನೆ. ನಮ್ಮ ಕರಾವಳಿಯವರಿಗೆ ಈ ಪಾಠ ಮನೆಬಾಗಿಲಿಗೇ ಬಂದಿದೆ. ಒಂದೇ ಪ್ರಭೇದವೆಂದು ತಿಳಿದಿದ್ದ ಕಾಳಿಂಗ ಸರ್ಪ 2024ರಲ್ಲಿ ನಾಲ್ಕಾಯಿತು. ಆಗುಂಬೆಯ ಕಾಡುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪಿ. ಗೌರಿಶಂಕರ್ ಮತ್ತು ಅವರ ಜೊತೆಗಾರರ ಸಂಶೋಧನೆಯಿಂದ ಪಶ್ಚಿಮ ಘಟ್ಟದ ಕಾಳಿಂಗಕ್ಕೆ ನಮ್ಮ ಕನ್ನಡದ ಹೆಸರೇ ಸಂದು ಅದು ಓಫಿಯೋಫಾಗಸ್ ಕಾಳಿಂಗ ಎನಿಸಿತು. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗವನ್ನು ಮರಿಮಾಡಿಸುವ ಕಾರ್ಯ ನಡೆದಿರುವುದು ತಮಗೆ ತಿಳಿದೇ ಇದೆ. ಹಾವು ಎಲ್ಲಿ ಸಿಕ್ಕಿದ್ದೆಂಬ ದಾಖಲೆ ಇರುವ ಯಾವುದೇ ಮೃಗಾಲಯಕ್ಕೆ ಈ ಹೊಸ ವರ್ಗೀಕರಣದಿಂದ ತೊಂದರೆಯಾಗದು, ಫಲಕದ ಮೇಲಿನ ಹೆಸರು ತಿದ್ದಿದರೆ ಸಾಕು. ಘಟ್ಟದ ಕಾಳಿಂಗವನ್ನು ಈಶಾನ್ಯದ ಕಾಳಿಂಗದೊಡನೆ ಬರಹವಿಲ್ಲದೆ ಕೂಡಿಸಿದ ಮೃಗಾಲಯ ಎಲ್ಲಿಯಾದರೂ ಇದ್ದಿದ್ದರೆ ಅಲ್ಲಿನ ಮರಿಗಳಿಗೆ ಇಂದು ಯಾವ ಹೆಸರನ್ನೂ ಕೊಡಲಾಗುತ್ತಿರಲಿಲ್ಲ, ಯಾವ ಕಾಡಿಗೂ ಅವನ್ನು ಬಿಡುವಂತಿರಲಿಲ್ಲ. ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾದ ಸಿಂಹಗಳು ಸರ್ಕಸ್ಸಿನ ಸಿಂಹಗಳೊಡನೆ ಬೆರೆತು, ಆಫ್ರಿಕಾದ ವಂಶ ಸೇರಿಕೊಂಡಿದೆಯೆಂದು ತಿಳಿದಾಗ ಅವುಗಳನ್ನು ಮರಿಮಾಡಿಸುವುದನ್ನೇ ನಿಲ್ಲಿಸಬೇಕಾಗಿ ಬಂದದ್ದು ನಮ್ಮ ದೇಶದ್ದೇ ಅನುಭವ.

ಬೋವಾಗಳಿಗೆ ದೂರದ ಬಂಧುವೆನ್ನಬಹುದಾದ ಮಣ್ಣುಮುಕ್ಕ ಹಾವುಗಳಲ್ಲಿ ಒಂದು ನಮ್ಮ ಪಶ್ಚಿಮ ಕರಾವಳಿಗೇ ಸೇರಿದ್ದು. ನೋಟದಲ್ಲಿ ಅದು ಉಳಿದೆರಡು ಮಣ್ಣುಮುಕ್ಕಗಳ ನಡುವೆ ನಿಲ್ಲುತ್ತದೆ. ಸರೀಸೃಪ ತಜ್ಞ ಇಂದ್ರನೀಲ್ ದಾಸ್ 1991ರಲ್ಲಿ ಅದನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿ, ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಅಲ್ಲಿಯವರೆಗೆ ಅದಕ್ಕೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ನಡುವಿನದಾಗಿ ಕಾಣುವುದೆಲ್ಲ ಬೆರಕೆಯಲ್ಲ, ಒಂದರಂತೆ ಕಾಣುವುದೆಲ್ಲ ಒಂದೇ ಅಲ್ಲ ಎಂದು ಇದೇ ಮರಳಿನಲ್ಲಿ ನಾವು ಕಲಿತಿದ್ದೇವೆ.

ಶುದ್ಧತೆ ಎಂಬ ಪದವನ್ನು ನಾನು ಇಷ್ಟು ಹೊತ್ತು ಬೇಕೆಂದೇ ಬಳಸಿಲ್ಲ. ಸಾಕಣೆಗಾರರು ಪ್ಯೂರ್ ಎನ್ನುವ ಮಾತಿನಲ್ಲಿ ಒಂದು ಹಾವು ಮೇಲು, ಇನ್ನೊಂದು ಕೀಳು ಎಂಬ ಧ್ವನಿ ಸೇರಿಕೊಂಡುಬಿಡುತ್ತದೆ. ಬೆರಕೆ ಹಾವು ಯಾವ ರೀತಿಯಲ್ಲೂ ಕೀಳಲ್ಲ. ಅದಕ್ಕೂ ಅದೇ ಆರೈಕೆ, ಅದೇ ಕರುಣೆ ಸಲ್ಲಬೇಕು. ಬೆರಕೆಯನ್ನು ಬೆರಕೆಯೆಂದು ಬರೆಯದೆ ಬೇರೊಂದು ನೆಲದ ಹೆಸರಿನಲ್ಲಿ ದಾಟಿಸುವುದಷ್ಟೇ ತಪ್ಪು. ಉಡುಪಿಯವನಾದ ನನಗೆ ಮಟ್ಟುಗುಳ್ಳದ ನೆನಪಾಗುತ್ತದೆ. ಮಟ್ಟು ಗ್ರಾಮದ ಆ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಾಗ ಬೇರೆ ಊರಿನ ಬದನೆ ತಿನ್ನಬಾರದೆಂದು ಯಾರೂ ಹೇಳಲಿಲ್ಲ. ಬೇರೆ ಊರಿನ ದುಂಡು ಬದನೆಯನ್ನು ಮಟ್ಟುಗುಳ್ಳವೆಂದು ಮಾರಬಾರದು ಎಂದಷ್ಟೇ ಹೇಳಿದರು. ಬೀಜವನ್ನು ತಲೆಮಾರುಗಳಿಂದ ಆರಿಸಿ ಕಾಪಾಡಿಕೊಂಡು ಬಂದ ಬೆಳೆಗಾರರ ಶ್ರಮ ಆ ಹೆಸರಿನಲ್ಲಿದೆ. ಬೋವಾದ ಮೂಲನೆಲೆಯ ಹೆಸರಿನಲ್ಲಿಯೂ ಅಂಥದೇ ಒಂದು ಮೊತ್ತವಿದೆ, ಅದನ್ನು ಕೂಡಿಟ್ಟದ್ದು ಮನುಷ್ಯರಲ್ಲ ಎಂಬುದೊಂದೇ ವ್ಯತ್ಯಾಸ.

ಈಗ ಕಾನೂನಿನ ವಿಷಯ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಸಲಹಾ ಸೂಚನೆಯಂತೆ, ತಮ್ಮಲ್ಲಿರುವ ವಿದೇಶೀ ಪ್ರಾಣಿಯನ್ನು ಆರು ತಿಂಗಳೊಳಗೆ ಸ್ವಯಂ ಘೋಷಿಸಿಕೊಂಡ ಸಾಕಣೆಗಾರರು ಅದನ್ನು ಹೇಗೆ ಪಡೆದರೆಂಬುದಕ್ಕೆ ದಾಖಲೆ ಒದಗಿಸಬೇಕಾಗಿರಲಿಲ್ಲ. ಬಚ್ಚಿಟ್ಟದ್ದನ್ನು ಹೊರತರಲು ಅದು ಸರಿಯಾದ ಕ್ರಮವೇ ಆಗಿತ್ತು. ಆದರೆ ಅದರ ಪರಿಣಾಮವಾಗಿ ನಮ್ಮ ನೋಂದಣಿಯ ಬುಡದಲ್ಲಿರುವ ಅದೆಷ್ಟೋ ಹೆಸರುಗಳು ಮಾರಿದವರು ಹೇಳಿದ್ದನ್ನು ಕೊಂಡವರು ಬರೆದದ್ದಷ್ಟೇ. ಯಾರೂ ಹುರುಪೆ ಎಣಿಸಿರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿ ಮತ್ತು ಅದರ 49ಎಂ ಕಲಮಿನ ಕೆಳಗೆ 2024ರ ಫೆಬ್ರವರಿ 28ರಂದು ಬಂದ ನಿಯಮಗಳು ನಾಲ್ಕನೆಯ ಅನುಸೂಚಿಯ, ಅಂದರೆ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ, ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸುವುದನ್ನು ಕಡ್ಡಾಯಗೊಳಿಸಿದಾಗ ಅವೇ ಹೆಸರುಗಳು ಅಲ್ಲಿಗೂ ಹರಿದು ಬಂದವು.

ಇದರಲ್ಲಿ ಕಾನೂನಿನ ತೊಡಕೂ ಇದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಆಕ್ಸಿಡೆಂಟಾಲಿಸ್ ಅತ್ಯಂತ ಕಟ್ಟುನಿಟ್ಟಿನದಾದ ಮೊದಲನೆಯ ಅನುಬಂಧದಲ್ಲಿದೆ, ಈ ಕುಲದ ಉಳಿದ ಹಾವುಗಳು ಎರಡನೆಯದರಲ್ಲಿವೆ. ನಮ್ಮ ಕಾಯಿದೆಯ 49ಎನ್ ಕಲಮಿನಂತೆ ಮೊದಲನೆಯ ಅನುಬಂಧದ ಪ್ರಾಣಿಗಳನ್ನು ಮರಿಮಾಡಿಸುವವರು ತಮ್ಮ ಕಚೇರಿಯ ಪರವಾನಗಿ ಪಡೆಯಬೇಕು. ಬೆರಕೆ ಪ್ರಾಣಿಗಳ ಬಗ್ಗೆ ಒಪ್ಪಂದದ ಸದಸ್ಯ ರಾಷ್ಟ್ರಗಳು ಕೈಗೊಂಡ ನಿರ್ಣಯವೊಂದು, ಹಿಂದಿನ ನಾಲ್ಕು ತಲೆಮಾರುಗಳಲ್ಲಿ ಎಲ್ಲಿಯಾದರೂ ಮೊದಲನೆಯ ಅನುಬಂಧದ ಪ್ರಾಣಿ ಬಂದಿದ್ದರೆ ಆ ಬೆರಕೆಯನ್ನೂ ಅದೇ ಅನುಬಂಧದ್ದೆಂದು ಪರಿಗಣಿಸಬೇಕೆನ್ನುತ್ತದೆ. ನಾಲ್ಕು ತಲೆಮಾರುಗಳ ಮಾತು ಬಂದ ಮೇಲೆ ವಂಶಾವಳಿಯಿಲ್ಲದೆ ಅದನ್ನು ಪಾಲಿಸುವ ದಾರಿ ಯಾವುದು? ಬೋವಾ ಕನ್‌ಸ್ಟ್ರಿಕ್ಟರ್ ಎಂಬ ಒಂದು ಸಾಲು ನೋಡಿ ಮುತ್ತಜ್ಜಿ ಆರ್ಜೆಂಟೀನಾದ್ದೋ ಕೊಲಂಬಿಯಾದ್ದೋ ಎಂದು ಯಾವ ಅಧಿಕಾರಿಯೂ ಹೇಳಲಾರರು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ರಾಜ್ಯದಲ್ಲಿ ನೋಂದಾಯಿತವಾದ ಪ್ರತಿಯೊಂದು ಬೋವಾದ ಕಡತದಲ್ಲಿ ಪ್ರಭೇದದ ಹೆಸರಿನೊಡನೆ ಮೂಲನೆಲೆ, ತಂದೆತಾಯಿಗಳ ನೋಂದಣಿ ಸಂಖ್ಯೆ, ಮತ್ತು ಆ ಮಾಹಿತಿಗೆ ಆಧಾರವೇನು, ಕಾಗದವೋ ಬರಿಯ ಬಾಯಿಮಾತೋ ಎಂಬುದನ್ನು ಬರೆಸಿಕೊಳ್ಳಬೇಕು. ತಿಳಿದಿಲ್ಲ ಎಂಬ ಉತ್ತರವನ್ನು ಗೌರವದಿಂದ ಸ್ವೀಕರಿಸಬೇಕು. ಹಾಗೆ ಬರೆದವರಿಗೆ ದಂಡ, ವಿಚಾರಣೆ, ಕಿರುಕುಳ ಯಾವುದೂ ಆಗಬಾರದು, ಏಕೆಂದರೆ ಭಯವಿದ್ದಲ್ಲಿ ಜನ ಸುಳ್ಳು ಬರೆಯುತ್ತಾರೆ, ಮತ್ತು ಖಾಲಿ ಜಾಗಕ್ಕಿಂತ ಸುಳ್ಳು ತುಂಬಿದ ಜಾಗ ಹೆಚ್ಚು ಕೆಡುಕಿನದು. ಪ್ರತಿ ಹಾವಿನ ಒಂದು ಪೊರೆಯನ್ನು ತಾರೀಖು ಬರೆದು ಒಣಗಿಸಿ ಕಾದಿಡುವಂತೆ ಸಾಕಣೆಗಾರರಿಗೆ ಸೂಚಿಸಬೇಕು. ಇಲಾಖೆ ವಶಪಡಿಸಿಕೊಂಡ ಬೋವಾಗಳಿಗೂ ಇದೇ ಕ್ರಮ ಅನ್ವಯಿಸಬೇಕು, ಮೂಲ ಗೊತ್ತಾಗುವವರೆಗೆ ಅವನ್ನು ಮರಿಮಾಡಿಸಬಾರದು. ಕೇಂದ್ರದ ನಮೂನೆಯನ್ನು ಬದಲಿಸುವ ಅಧಿಕಾರ ರಾಜ್ಯಕ್ಕೆ ಇಲ್ಲದಿದ್ದರೆ ಪ್ರತ್ಯೇಕ ಪುಟವೊಂದನ್ನು ಲಗತ್ತಿಸಲು ತಮ್ಮದೊಂದು ಸುತ್ತೋಲೆ ಸಾಕು.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಾಕಣೆಗಾರರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ನನ್ನಂಥವರಿಗಿಂತ ಹೆಚ್ಚು ಹತ್ತಿರದಿಂದ ಈ ಹಾವುಗಳನ್ನು ಬಲ್ಲಿರಿ. ಎರಡು ಬೇರೆ ನೆಲದ ಹಾವುಗಳನ್ನು ಕೂಡಿಸುವ ಮೊದಲು ದಯವಿಟ್ಟು ಒಂದು ವರ್ಷ ತಡೆಯಿರಿ, ಪೊರೆ ಎಣಿಸಿ, ಮಾರಿದವರನ್ನು ಮತ್ತೆ ವಿಚಾರಿಸಿ. ಕೂಡಿಸಿಯಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ರೆಡ್ ಟೈಲ್ ಎಂಬ ಪದವನ್ನು ಬಾಲ ಕೆಂಪಾಗಿರುವ ಎಲ್ಲ ಬೋವಾಗಳಿಗೂ ಅಂಟಿಸುವುದನ್ನು ಬಿಡಿ. ಕೊಲಂಬಿಯಾದ ಇಂಪರೇಟರ್‌ನ ಬಾಲವೂ ಕೆಂಪಾಗಬಲ್ಲದು.

ನನ್ನ ವಿದ್ಯಾರ್ಥಿ ಆ 21 ಮರಿಗಳಲ್ಲಿ ಯಾವುದನ್ನೂ ಇನ್ನೂ ಯಾರಿಗೂ ಕೊಟ್ಟಿಲ್ಲ. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಎಡಗೈಯಲ್ಲಿ ಹಿಡಿದು ಫೋಟೋ ತೆಗೆದು, ಪ್ರತಿಯೊಂದರ ಪುಟದಲ್ಲಿ ಹೀಗೆ ಬರೆದಿದ್ದಾನೆ: "ತಾಯಿ ಇಂಪರೇಟರ್ ಇರಬೇಕು, ಸಾಲು 67, ತಂದೆ ಯಾವುದೆಂದು ತಿಳಿದಿಲ್ಲ, ಸಾಲು 79-80, ಮೂಲನೆಲೆ ಎರಡರದ್ದೂ ತಿಳಿದಿಲ್ಲ." ಇದನ್ನು ಓದಿದ ಮೇಲೆ ಮೊದಲು ಫೋನ್ ಮಾಡಿದ್ದವರಲ್ಲಿ ಹೆಚ್ಚಿನವರು ಮತ್ತೆ ಮಾಡಲಿಲ್ಲ. ಆ ಪುಟಗಳ ಪ್ರತಿಯನ್ನು ಅವನ ಒಪ್ಪಿಗೆಯಿಂದ ಈ ಪತ್ರದೊಡನೆ ತಮ್ಮ ಕಚೇರಿಗೆ ಕಳುಹಿಸುತ್ತಿದ್ದೇನೆ. ಅವನ್ನು ಆ ಹಾವುಗಳ ಕಡತಕ್ಕೆ ಸೇರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ,
ಉಡುಪಿ